ಚೀಟಿಯ ಬಟವಾಡೆ

ಬಟವಾಡಿಯ ನಮ್ಮ ಬೀದಿಯ ತುದಿಯಲ್ಲಿ ಹೂ ಕಟ್ಟಿ ಮಾರುವ ಅಜ್ಜಿಯೊಬ್ಬರಿದ್ದಾರೆ. ಕಳೆದ ವರ್ಷ ಒಂದು ಭಾನುವಾರ ಇಲ್ಲಿ ನಡೆದ ಉಚಿತ ಆರೋಗ್ಯ ತಪಾಸಣೆಯ ಶಿಬಿರಕ್ಕೆ ಅವರೂ ಬಂದಿದ್ದರು. ಹೆಸರು ಬರೆದುಕೊಳ್ಳುವ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದವನು ನಾನೇ. ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಹೂವಿಗೆಂದು ನಿಂತಾಗ, ಆಕೆ ಎಲೆಅಡಿಕೆಯ ಸಂಚಿಯಿಂದ ನಾಲ್ಕಾಗಿ ಮಡಿಸಿದ್ದ ಒಂದು ಚೀಟಿಯನ್ನು ತೆಗೆದು, “ಮೇಷ್ಟ್ರೇ, ಇದರಾಗೆ ಏನು ಬರ್ದೈತೆ, ವಸಿ ಓದಿ ಹೇಳಿ” ಎಂದರು. ಇಂಗ್ಲಿಷಿನಲ್ಲಿ ಎರಡೇ ಸಾಲು: ರಕ್ತದೊತ್ತಡ 180ಕ್ಕೂ ಮೇಲೆ; ಹೆಚ್ಚಿನ ಪರೀಕ್ಷೆಗೆ ಆಸ್ಪತ್ರೆಗೆ ಹೋಗತಕ್ಕದ್ದು.

“ಅವತ್ತೇ ಯಾಕಜ್ಜಿ ಹೋಗಲಿಲ್ಲ?” ಎಂದೆ.

“ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳ್ಲಿಲ್ಲವಲ್ಲಪ್ಪ. ನೋಡಿದ್ರು, ಬರಕೊಂಡ್ರು, ಬಿಸ್ಕತ್ತು ಕೊಟ್ರು. ಅಲ್ಲಿಗೆ ಮುಗೀತು ಅಂದ್ಕೊಂಡೆ.”

ಶಿಬಿರದ ವರದಿಯಲ್ಲಿಯೂ ಅಲ್ಲಿಗೇ ಮುಗಿದಿತ್ತು. ಎಷ್ಟು ಮಂದಿ ತಪಾಸಣೆಗೊಳಗಾದರು ಎಂಬ ಅಂಕಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೆವು. ಆ ಅಂಕಿಯಲ್ಲಿ ಅಜ್ಜಿಯೂ ಒಬ್ಬರು. ಅವರ ಚೀಟಿ ಮುಂದೆ ಎಲ್ಲಿಗೆ ಹೋಯಿತೆಂದು ಯಾರೂ ಬರೆಯಲಿಲ್ಲ. ಬರೆಯಬೇಕೆಂದು ನನಗೂ ತೋಚಿರಲಿಲ್ಲ.

ಕನ್ನಡದಲ್ಲಿ ಬಟವಾಡೆ ಎಂದರೆ ಹಂಚಿಕೆ, ಅವರವರ ಪಾಲನ್ನು ಅವರವರ ಕೈಗೆ ಸೇರಿಸುವುದು. ಅಂಚೆಯವನು ಕಾಗದ ಬಟವಾಡೆ ಮಾಡುತ್ತಾನೆ. ಕಛೇರಿಯಲ್ಲಿ ಸಂಬಳದ ಬಟವಾಡೆಯಾಗುತ್ತದೆ. ನಮ್ಮ ಬಡಾವಣೆಯ ಹೆಸರಿನ ಮೂಲವನ್ನು ಕೆದಕುವುದು ಇಲ್ಲಿ ನನ್ನ ಉದ್ದೇಶವಲ್ಲ, ಕಿವಿಗೆ ಕೇಳುವ ಸಾಮ್ಯವೇ ಸಾಕು. ಅಂಚೆಪೆಟ್ಟಿಗೆಗೆ ಎಷ್ಟು ಕಾಗದ ಬಿದ್ದವು ಎಂಬುದರಿಂದ ಯಾರೂ ಅಂಚೆ ಇಲಾಖೆಯನ್ನು ಹೊಗಳುವುದಿಲ್ಲ, ಎಷ್ಟು ಕಾಗದ ಮನೆ ಸೇರಿದವು ಎಂಬುದೇ ಅದರ ಅಳತೆ. ಆರೋಗ್ಯ ತಪಾಸಣೆಯನ್ನು ಮಾತ್ರ ನಾವು ಪೆಟ್ಟಿಗೆಗೆ ಬಿದ್ದ ಕಾಗದಗಳಿಂದ ಅಳೆಯುತ್ತಿದ್ದೇವೆ.

ಇದು ಒಂದು ಬೀದಿಯ ಮಾತಲ್ಲ. 2017ರಿಂದೀಚೆಗೆ ದೇಶದಾದ್ಯಂತ 30 ವರ್ಷ ದಾಟಿದವರೆಲ್ಲರನ್ನೂ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮತ್ತು ಬಾಯಿ, ಸ್ತನ, ಗರ್ಭಕಂಠಗಳ ಕ್ಯಾನ್ಸರಿಗಾಗಿ ಪರೀಕ್ಷಿಸುವ ಕಾರ್ಯಕ್ರಮ ಆರಂಭವಾಗಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನಮೂನೆಗಳನ್ನು ತುಂಬುತ್ತಾರೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಮೊದಲಾದ ‘ಗೃಹ ಆರೋಗ್ಯ’ ಯೋಜನೆ ಪರೀಕ್ಷೆಯನ್ನಲ್ಲದೆ ಔಷಧವನ್ನೂ ಮನೆಬಾಗಿಲಿಗೆ ತರುವ ಉದ್ದೇಶವುಳ್ಳದ್ದು. ಉದ್ದೇಶ ಉದಾತ್ತವಾದುದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಯಾವ ರೋಗವನ್ನು ಹುಡುಕಬೇಕು, ಸಿಕ್ಕಮೇಲೆ ಹೊಣೆ ಯಾರದು, ಫಲವನ್ನು ಎಣಿಸುವವರು ಯಾರು ಎಂಬ ಪ್ರಶ್ನೆಗಳನ್ನು ಉದ್ದೇಶವೊಂದೇ ಬಿಡಿಸಲಾರದು.

ಈ ಪ್ರಶ್ನೆಗಳನ್ನು ಅರುವತ್ತು ವರ್ಷಗಳ ಹಿಂದೆಯೇ ಗಂಭೀರವಾಗಿ ಎತ್ತಿದ ಜಿಲ್ಲೆ ನಮ್ಮದೇ ಎಂಬುದನ್ನು ತುಮಕೂರಿನವರೇ ಮರೆತಂತಿದೆ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ತುಮಕೂರು ಜಿಲ್ಲೆಯನ್ನು ತನ್ನ ಸಮೀಕ್ಷೆಗೆ ಆರಿಸಿಕೊಂಡಿತು. ಕ್ಷ-ಕಿರಣ ಯಂತ್ರವನ್ನು ಹಳ್ಳಿಗಳಿಗೇ ಒಯ್ದು ಜನರ ಎದೆಯ ಚಿತ್ರ ತೆಗೆದರು. ಸಂಶಯ ಬಂದವರ ಕಫವನ್ನು ಪರೀಕ್ಷಿಸಿದರು. ಸಾವಿರಕ್ಕೆ ಸುಮಾರು 4 ಮಂದಿಯಲ್ಲಿ ರೋಗಾಣು ಖಚಿತವಾಗಿ ಕಂಡಿತು.

ಅಲ್ಲಿಗೇ ನಿಂತಿದ್ದರೆ ಅದು ಲೆಕ್ಕದ ಕೆಲಸವಾಗಿ ಉಳಿಯುತ್ತಿತ್ತು. ಆದರೆ ಸಮೀಕ್ಷೆ ಮುಗಿದ ಕೆಲವೇ ವಾರಗಳಲ್ಲಿ ಅದೇ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ತಂಡ ಆ ರೋಗಿಗಳ ಮನೆಗಳಿಗೆ ಮರಳಿ ಹೋಗಿ, ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿತು: ನಿಮಗೆ ಕಾಯಿಲೆಯಿದೆಯೆಂದು ನಿಮಗೆ ಗೊತ್ತಿತ್ತೆ? ಗೊತ್ತಿದ್ದರೆ ಏನು ಮಾಡಿದಿರಿ? ಹಳ್ಳಿಗರು ಅಜ್ಞಾನಿಗಳು, ಅವರಾಗಿ ಬಾರರು, ಹುಡುಕಿಕೊಂಡೇ ಹೋಗಬೇಕು ಎಂಬುದು ಅಂದಿನ ಪಂಡಿತರ ನಂಬಿಕೆ. 1963ರಲ್ಲಿ ಪ್ರಕಟವಾದ ಉತ್ತರ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಕಫದಲ್ಲಿ ರೋಗಾಣುವಿದ್ದವರ ಪೈಕಿ 100ಕ್ಕೆ 95ರಷ್ಟು ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಮುಕ್ಕಾಲು ಪಾಲು ಜನ ಅದಕ್ಕಾಗಿ ಚಿಂತಿಸುತ್ತಿದ್ದರು. ಸುಮಾರು ಅರ್ಧದಷ್ಟು ಮಂದಿ ಪರಿಹಾರವನ್ನು ಹುಡುಕಿ ಹೊರಟೂ ಇದ್ದರು. ಅಂಥವರನ್ನು ಕೆಮ್ಮಿನ ಔಷಧದ ಸೀಸೆ ಕೊಟ್ಟು ಹಿಂದಕ್ಕೆ ಕಳುಹಿಸಲಾಗುತ್ತಿತ್ತು. ರೋಗಿ ಬಾಗಿಲಿಗೆ ಬಂದಿದ್ದ. ಬಾಗಿಲ ಒಳಗಿನವರಿಗೆ ಅವನು ಕಂಡಿರಲಿಲ್ಲ.

ಈ ಅರಿವಿನ ಫಲವಾಗಿ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಊರೂರಿಗೆ ಕ್ಷ-ಕಿರಣದ ಗಾಡಿ ಕಳುಹಿಸುವ ದುಬಾರಿ ಹಾದಿಯನ್ನು ಬಿಟ್ಟು, ಕೆಮ್ಮೆಂದು ತಾನಾಗಿ ಬಂದವನ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ಪರೀಕ್ಷಿಸುವ ಹಾದಿಯನ್ನು ಹಿಡಿಯಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ಇಬ್ಬರು ವಿದ್ವಾಂಸರು ತಪಾಸಣೆಗೆ ಹತ್ತು ಸೂತ್ರಗಳನ್ನು ಬರೆದರು. ಒಪ್ಪಿತವಾದ ಚಿಕಿತ್ಸೆ ಇರಬೇಕು. ರೋಗನಿರ್ಣಯಕ್ಕೂ ಚಿಕಿತ್ಸೆಗೂ ಸೌಕರ್ಯ ಸಿದ್ಧವಿರಬೇಕು. ಹುಡುಕಾಟ ಒಂದು ದಿನದ ಉತ್ಸವವಾಗದೆ ನಿರಂತರ ಕಾರ್ಯವಾಗಿರಬೇಕು ಎಂಬವು ಅವುಗಳಲ್ಲಿ ಮುಖ್ಯವಾದುವು. ಗುಬ್ಬಿ, ಕುಣಿಗಲ್ಲುಗಳ ರೈತನಿಗೆ ಈ ಸೂತ್ರಗಳು ಹೊಸವಲ್ಲ: ಕಣಜ ಕಟ್ಟದೆ ಅವನು ಕಣಕ್ಕೆ ಇಳಿಯುವುದಿಲ್ಲ.

ಹಾಗಾದರೆ ಹುಡುಕಿ ಹೋಗುವುದೇ ತಪ್ಪೆ? ಹಾಗೆಂದರೆ ನಮ್ಮ ಜಿಲ್ಲೆಯ ಪಾಠವನ್ನು ಅರ್ಧವೇ ಓದಿದಂತಾದೀತು. ಹನ್ನೆರಡು ವರ್ಷಗಳ ಮೇಲೆ, 1972–73ರಲ್ಲಿ, ತುಮಕೂರಿನಲ್ಲಿ ಮರುಸಮೀಕ್ಷೆ ನಡೆದಾಗ ಕ್ಷಯದ ಪ್ರಮಾಣ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಸರಿಯಾದ ತತ್ತ್ವ ತನ್ನಷ್ಟಕ್ಕೆ ಫಲ ಕೊಡುವುದಿಲ್ಲ. ಇನ್ನು 2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಲಕ್ಷಣಗಳಿದ್ದವರ ಪೈಕಿ 100ಕ್ಕೆ 64 ಮಂದಿ ಚಿಕಿತ್ಸೆಯನ್ನು ಅರಸಿ ಹೋಗಿರಲಿಲ್ಲ. ಕ್ಷ-ಕಿರಣವಿಲ್ಲದಿದ್ದರೆ 100ಕ್ಕೆ ಸುಮಾರು 43 ರೋಗಿಗಳು ಕೈತಪ್ಪಿ ಹೋಗುತ್ತಿದ್ದರು ಎಂದೂ ಅದು ತೋರಿಸಿತು. ಇಂದು ಕೈಯಲ್ಲಿ ಹಿಡಿದು ಒಯ್ಯಬಹುದಾದ ಕ್ಷ-ಕಿರಣ ಯಂತ್ರಗಳು ಮತ್ತೆ ಹಳ್ಳಿಗೆ ಬರುತ್ತಿರುವುದಕ್ಕೆ ಕಾರಣವಿದೆ.

ಮೇಲಾಗಿ ರಕ್ತದೊತ್ತಡ ಕೆಮ್ಮುವುದಿಲ್ಲ. ಗರ್ಭಕಂಠದ ಕ್ಯಾನ್ಸರು ಮೊದಲ ಹೆಜ್ಜೆಗಳಲ್ಲಿ ಸದ್ದು ಮಾಡುವುದಿಲ್ಲ. ಇಂಥ ಮೌನಿ ರೋಗಗಳು ತಾವಾಗಿ ಬಾಗಿಲು ತಟ್ಟಲೆಂದು ಕಾಯುವುದು ವಿವೇಕವಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ 1998ರಿಂದ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ಪ್ರಯೋಗದಲ್ಲಿ, ವಿನೆಗರ್ ಹಚ್ಚಿ ಕಣ್ಣಿನಿಂದಲೇ ನೋಡುವ ಸರಳ ಪರೀಕ್ಷೆ ಗರ್ಭಕಂಠದ ಕ್ಯಾನ್ಸರಿನ ಸಾವನ್ನು 100ಕ್ಕೆ 31ರಷ್ಟು ತಗ್ಗಿಸಿತು. ಪರೀಕ್ಷೆ ಮಾಡಿದವರು ತರಬೇತಿ ಪಡೆದ ಸ್ಥಳೀಯ ಹೆಂಗಸರು. ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರ ಪೈಕಿ ಈ ಕ್ಯಾನ್ಸರಿಗಾಗಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು 100ಕ್ಕೆ 2ರಷ್ಟೂ ಇಲ್ಲ.

ಇನ್ನೊಂದು ಬದಿಯ ಎಚ್ಚರವೂ ಬೇಕು. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರಕಾರದ ಕ್ಯಾನ್ಸರ್ ತಪಾಸಣೆ ಆರಂಭವಾದಾಗ, ಆಸ್ಪತ್ರೆಗಳು ಅದರ ಜೊತೆಗೆ ಅಲ್ಪ ಶುಲ್ಕಕ್ಕೆ ಥೈರಾಯಿಡ್ ಗ್ರಂಥಿಯ ಪರೀಕ್ಷೆಯನ್ನೂ ಮಾಡತೊಡಗಿದವು. 2011ರ ವೇಳೆಗೆ ಆ ಕ್ಯಾನ್ಸರೆಂದು ಗುರುತಿಸಲ್ಪಟ್ಟವರ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಬಾಳಿನುದ್ದಕ್ಕೂ ಏನೂ ತೊಂದರೆ ಕೊಡದೆ ಇರುತ್ತಿದ್ದ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನೇ ಕಳೆದುಕೊಂಡು ಗುಳಿಗೆಗಳ ಆಶ್ರಯಕ್ಕೆ ಬಿದ್ದರು. ಹುಡುಕದೆ ಬಿಡುವುದರಿಂದ ಕೇಡಾಗುವಂತೆ ಅನಾವಶ್ಯಕವಾಗಿ ಹುಡುಕುವುದರಿಂದಲೂ ಕೇಡಾಗುತ್ತದೆ.

ಆದುದರಿಂದಲೇ ತಪಾಸಣೆಗೆ ಆಡಳಿತ ಬೇಕು. ಅಂದರೆ ಹೊಣೆಯುಳ್ಳ ಯಜಮಾನಿಕೆ ಬೇಕು. ಬ್ರಿಟನ್ನಿನಲ್ಲಿ ಯಾವ ತಪಾಸಣೆಯನ್ನು ತೊಡಗಬೇಕು, ಯಾವುದನ್ನು ನಿಲ್ಲಿಸಬೇಕೆಂದು ಸರಕಾರಕ್ಕೆ ಸಲಹೆ ಕೊಡುವುದಕ್ಕೆಂದೇ 1996ರಲ್ಲಿ ಸಮಿತಿಯೊಂದು ಏರ್ಪಟ್ಟಿತು. ತೊಡಗುವುದಕ್ಕೆ ಉದ್ಘಾಟಕರು ಎಲ್ಲ ಕಡೆಯೂ ಸಿಗುತ್ತಾರೆ. ಸಾಕ್ಷ್ಯವನ್ನು ತೂಗಿ ‘ಇದು ಬೇಡ’ ಎನ್ನುವ ಅಧಿಕಾರವನ್ನು ಯಾರಿಗಾದರೂ ಕೊಡುವುದೇ ಕಷ್ಟ.

ಮೇಲಿನ ಸಮಿತಿಯ ಮಾತು ಹಾಗಿರಲಿ, ಕೆಳಗೆ ನಮ್ಮ ಬೀದಿಯಲ್ಲಿ ಆಗಬೇಕಾದುದು ಇನ್ನೂ ಸರಳವಾದುದು. ಚೀಟಿ ಕನ್ನಡದಲ್ಲಿರಲಿ. ಯಾವ ಆಸ್ಪತ್ರೆ, ಯಾವ ದಿನ, ಯಾರನ್ನು ಕೇಳಬೇಕು ಎಂಬುದು ಅದರಲ್ಲಿರಲಿ. ಶಿಬಿರ ನಡೆಸುವವರು ಸರಕಾರದವರಾಗಲಿ, ಸಂಘಸಂಸ್ಥೆಯವರಾಗಲಿ, ಮೂರು ತಿಂಗಳ ಮೇಲೆ ಎರಡನೆಯ ವರದಿಯೊಂದನ್ನು ಕೊಡಲೇಬೇಕೆಂಬ ನಿಯಮವಿರಲಿ: ದೋಷ ಕಂಡವರು ಎಷ್ಟು, ಅವರಲ್ಲಿ ವೈದ್ಯರನ್ನು ಕಂಡವರು ಎಷ್ಟು, ಇಂದಿಗೂ ಔಷಧ ಸೇವಿಸುತ್ತಿರುವವರು ಎಷ್ಟು. ಆ ವರದಿ ಪಂಚಾಯಿತಿಯ ಗೋಡೆಯ ಮೇಲೆ, ನಗರದ ವಾರ್ಡಿನ ಕಛೇರಿಯಲ್ಲಿ, ಯಾರ ಹೆಸರೂ ಇಲ್ಲದೆ ಅಂಕಿಗಳಷ್ಟೇ ಕಾಣುವಂತೆ ಇರಲಿ. ಗೌರವಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆಯ ತಲೆಗೆ ಮತ್ತೊಂದು ನಮೂನೆಯನ್ನು ಕಟ್ಟಿ ಇದನ್ನು ಸಾಧಿಸಲಾಗದು. ಆಕೆ ಕಳುಹಿಸಿದ ರೋಗಿಯನ್ನು ಬರಮಾಡಿಕೊಳ್ಳುವ ವೈದ್ಯನೂ ಮುಗಿಯದಷ್ಟು ಗುಳಿಗೆಯೂ ಆಸ್ಪತ್ರೆಯಲ್ಲಿ ಇರಬೇಕು.

ಮರುದಿನ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗುಳಿಗೆ ಕೊಟ್ಟರು; ದಿನವೂ ತೆಗೆದುಕೊಳ್ಳುತ್ತಿದ್ದಾರೆ. ಇದನ್ನು ಹೇಳಿ ಪುಣ್ಯ ಕಟ್ಟಿಕೊಳ್ಳುವ ಆಸೆ ನನಗಿಲ್ಲ. ಆ ಹಳೆಯ ಹೆಸರುಪಟ್ಟಿಯನ್ನು ಹುಡುಕಿ ತೆಗೆಸಿದ್ದೇನೆ. ದೋಷ ಕಂಡವರ ಮನೆಗಳಿಗೆ ಈಗ ಭಾನುವಾರಗಳಂದು ವಿದ್ಯಾರ್ಥಿಗಳೂ ನಾನೂ ಹೋಗುತ್ತಿದ್ದೇವೆ. ಕೆಲವರು ಮನೆ ಬದಲಾಯಿಸಿದ್ದಾರೆ. ಕೆಲವರು ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಒಂದು ಮನೆಯಲ್ಲಿ ಬಾಗಿಲು ತೆರೆದ ಹುಡುಗಿ, “ಅಪ್ಪ ಹೋಗಿ ಎರಡು ತಿಂಗಳಾಯ್ತು ಸಾರ್” ಎಂದಳು. ಪಟ್ಟಿ ಹಿಡಿದಿದ್ದ ವಿದ್ಯಾರ್ಥಿ ನನ್ನ ಮುಖ ನೋಡಿದ. ಅವನಿಗೆ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಪಟ್ಟಿಯಲ್ಲಿ ಇನ್ನೂ ಹದಿನೇಳು ಹೆಸರುಗಳಿವೆ.