ಸಂಶೋಧನೆ ಯಾರ ಹೊಟ್ಟೆಗೆ?

ಆಹಾರ, ಆರೋಗ್ಯ, ನೆಲ, ನೀರು ಎಲ್ಲಾ ಕೂಡಿಸಿ ಸಂಶೋಧನೆ ಮಾಡ್ಬೇಕು ಅಂತ ವಿಶ್ವವಿದ್ಯಾಲಯಗಳು ಈಗ ಹೇಳ್ತಿವೆ. ಒಳ್ಳೇದೇ. ಬಾಗೂರಿನ ಕಡೆ ಬಂದು ನೋಡಲಿ. ಬಾಗೂರು-ನವಿಲೆ ಸುರಂಗದಲ್ಲಿ ಹೇಮಾವತಿ ನೀರು ತುಮಕೂರಿಗೆ ಹರಿಯುತ್ತೆ. ಮೇಲೆ ಮಳೆ ನಂಬಿದ ರಾಗಿ ಹೊಲ. ಅಲ್ಲಿ ಕಳೆ ಕೀಳೋರು ನಮ್ಮ ಅವ್ವಂದಿರು. ನೀರು ಇಂಜಿನಿಯರಿಗೆ, ಬೀಜ ಕೃಷಿ ವಿಜ್ಞಾನಿಗೆ, ರಕ್ತಹೀನತೆ ಡಾಕ್ಟರಿಗೆ, ಭೂಮಿ ತಹಸೀಲ್ದಾರರಿಗೆ. ಅವ್ವನ ಮೈ ಮೇಲೆ ಮಾತ್ರ ಇವೆಲ್ಲಾ ಒಟ್ಟಿಗೇ ಬಂದು ಬೀಳ್ತವೆ.

ನಾವು ವಿಜ್ಞಾನವನ್ನು ಹಳಿಯುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಸುಣ್ಣದಂಶ ಇದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯದ ವರ್ಷ ಎಂದಿತು. ಬಡವರ ಹಿಟ್ಟು ಅಂತ ಮೂಗು ಮುರಿದವರೂ ಈಗ ಪೊಟ್ಟಣ ಕಟ್ಟಿಸಿಕೊಂಡು ಹೋಗ್ತಾರೆ.

ಆದರೆ ಇಳುವರಿ ಹೆಚ್ಚಿದರೆ ಅದು ಹೊಲದ ಒಡೆಯನಿಗೆ. ಕೂಲಿಯವಳಿಗೆ ಕೂಲಿಯಷ್ಟೇ. ದಲಿತರಿಗೆ ಮಂಜೂರಾದ ಭೂಮಿ ಕೈ ತಪ್ಪಬಾರದೆಂದು 1978ರಲ್ಲೇ ಕಾಯ್ದೆಯಾಯಿತು. ಆ ಕಾಯ್ದೆಯನ್ನು ಓದದ ಆಹಾರ ಸಂಶೋಧನೆ ಅರ್ಧ ಸಂಶೋಧನೆ.

ಹಾಸ್ಟೆಲಿನ ಗೆಳೆಯರೇ, ಒಬ್ಬರು ಕೃಷಿ, ಒಬ್ಬರು ನರ್ಸಿಂಗ್, ಇನ್ನೊಬ್ಬರು ಕಾನೂನು ಓದ್ತೀರಿ. ಊಟಕ್ಕೆ ಒಂದೇ ಸಾಲಲ್ಲಿ ಕೂರ್ತೀರಿ. ಪ್ರಶ್ನೇನೂ ಒಟ್ಟಿಗೇ ಕೇಳಿ. ಸಂಶೋಧಕರು ಬಂದಾಗ ಗೌಡರ ಜಗುಲಿಯಿಂದಲೇ ವಾಪಸ್ ಹೋಗಲು ಬಿಡಬೇಡಿ, ಕೇರಿಗೆ ಕರೆತನ್ನಿ. ಹೊಲ ಯಾರದು, ಕೂಲಿ ಎಷ್ಟು, ರಾತ್ರಿ ಉಂಡದ್ದೇನು? ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆಸಿ.