ಯಂತ್ರಲೋಕ: ಜೀಪಿಗೆ ಉದ್ದ ತೋಳು

ಬೆಟ್ಟ ಹತ್ತುವ ಮನುಷ್ಯನಿಗೆ ಗಟ್ಟಿಯಾದ ಕಾಲು ಬೇಕು. ಬೆಟ್ಟ ಹತ್ತುವ ಜೀಪಿಗೆ ಬೇಕಾದುದು ಉದ್ದವಾದ ತೋಳು ಎಂದರೆ ವಾಚಕರು ಹುಬ್ಬೇರಿಸಬಹುದು. ಆದರೆ ಅಮೆರಿಕದಲ್ಲಿ ಜೀಪಿನ ಹುಚ್ಚು ಹಿಡಿದವರ ಗ್ಯಾರೇಜುಗಳಲ್ಲಿ ‘ಲಾಂಗ್ ಆರ್ಮ್’ ಎಂಬ ಮಾತು ನಮ್ಮ ಮನೆಗಳಲ್ಲಿ ಕಾಫಿಪುಡಿಯ ಮಾತಿನಷ್ಟೇ ಸಾಮಾನ್ಯವಾದುದು. ಕ್ಯಾಲಿಫೋರ್ನಿಯದಲ್ಲಿಯೂ ಟೆಕ್ಸಾಸಿನಲ್ಲಿಯೂ ನೆಲಸಿರುವ ಕನ್ನಡ ಕುಟುಂಬಗಳು ಈಗ ಬೇಕಾದಷ್ಟುಂಟು. “ಅವರು ಶನಿವಾರದಿಂದ ಜೀಪಿನ ಅಡಿಯಲ್ಲೇ ಮಲಗಿದ್ದಾರೆ” ಎಂದು ಸೊಸೆ ದೂರವಾಣಿಯಲ್ಲಿ ಹೇಳಿದರೆ, ಆತ ಅಲ್ಲಿ ಏನು ಮಾಡುತ್ತಿದ್ದಾನೆಂಬುದು ಇಲ್ಲಿನ ಅತ್ತೆಮಾವಂದಿರಿಗೆ ಸ್ವಲ್ಪವಾದರೂ ತಿಳಿದಿರುವುದು ಒಳ್ಳೆಯದು. ಗಾಬರಿಪಡಬೇಕಾದ ಜಾಗ ಯಾವುದು, ಪಡಬೇಕಾಗಿಲ್ಲದ ಜಾಗ ಯಾವುದು ಎಂಬುದು ಆಗ ಗೊತ್ತಾಗುತ್ತದೆ.

ಆ ದೇಶದಲ್ಲಿ ರಸ್ತೆಯಿಲ್ಲದ ಕಡೆ ವಾಹನ ನಡೆಸುವುದು ಒಂದು ಕ್ರೀಡೆ. ಕ್ಯಾಲಿಫೋರ್ನಿಯದ ಸಿಯೆರ ನೆವಾಡ ಪರ್ವತಗಳಲ್ಲಿ ‘ರೂಬಿಕಾನ್’ ಎಂಬ ಬಂಡೆದಾರಿಯುಂಟು. 1953ರಲ್ಲಿ ಆ ದಾರಿಯಲ್ಲಿ ಜೀಪುಗಳ ಸಾಮೂಹಿಕ ಯಾತ್ರೆಯೊಂದು ಆರಂಭವಾಯಿತು. ಯೂಟಾ ಸಂಸ್ಥಾನದ ಮೋಅಬ್ ಎಂಬ ಊರಿನ ಕೆಂಬಂಡೆಗಳ ಮೇಲೆ ಈಸ್ಟರ್ ಹಬ್ಬದ ಕಾಲದಲ್ಲಿ ಜೀಪುಗಳು ನೆರೆಯುವ ವಾಡಿಕೆ 1967ರಲ್ಲಿ ಮೊದಲಾಯಿತು. ಆ ಮೊದಲ ಯಾತ್ರಿಕರ ಜೀಪುಗಳಿಗೆಲ್ಲ ಇದ್ದುದು, ಲಾರಿಗಳ ಕೆಳಗೆ ನಾವು ದಿನವೂ ಕಾಣುವಂತಹ ಕಮಾನುಪಟ್ಟಿಗಳು. ಕಮಾನುಪಟ್ಟಿ ಬಹಳ ಪ್ರಾಮಾಣಿಕವಾದ ವಸ್ತು. ಭಾರವನ್ನೂ ಹೊರುತ್ತದೆ, ಗಾಲಿಯ ಅಚ್ಚು ಹಿಂದುಮುಂದೆ ಓಡದಂತೆ ಹಿಡಿದೂ ಇರುತ್ತದೆ. ಆದರೆ ಸವಾರಿ ಒರಟು.

ಜೀಪ್ ರ‍್ಯಾಂಗ್ಲರಿನ 1997ರ ಮಾದರಿಯಿಂದ ಈ ಎರಡು ಕೆಲಸಗಳನ್ನೂ ಬೇರ್ಪಡಿಸಿದರು. ‘ಟಿಜೆ’ ಎಂದು ಹೆಸರಾದ ಈ ವಾಹನ 2006ರವರೆಗೆ ತಯಾರಾಯಿತು. ಇದರಲ್ಲಿ ಭಾರ ಹೊರುವುದು ಸುರುಳಿ ಸ್ಪ್ರಿಂಗು. ಸುರುಳಿಗೆ ಕುಗ್ಗಿ ಹಿಗ್ಗುವುದು ತಿಳಿದಿದೆಯೇ ಹೊರತು ಅಚ್ಚನ್ನು ಅದರ ಸ್ಥಾನದಲ್ಲಿ ನಿಲ್ಲಿಸುವ ವಿದ್ಯೆ ತಿಳಿಯದು. ಆದಕಾರಣ ಪ್ರತಿಯೊಂದು ಅಚ್ಚಿಗೂ ನಾಲ್ಕು ಉಕ್ಕಿನ ತೋಳುಗಳನ್ನು ಕೊಟ್ಟಿದ್ದಾರೆ. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಅಚ್ಚಿಗೆ. ಅಚ್ಚು ಎಡಬಲಕ್ಕೆ ಜರುಗದಂತೆ ತಡೆಯಲು ‘ಟ್ರ್ಯಾಕ್ ಬಾರ್’ ಎಂಬ ಅಡ್ಡಸರಳು ಬೇರೆ. ಮುಂದಿನ ಅಚ್ಚಿನ ಕೆಳತೋಳಿನ ಉದ್ದ ಹೆಚ್ಚುಕಡಮೆ 16 ಅಂಗುಲ. ಕಾರ್ಖಾನೆಯಿಂದ ಹೊರಟಾಗ ಈ ತೋಳುಗಳು ನೆಲಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಮಲಗಿರುತ್ತವೆ. ಎಲ್ಲವೂ ಕ್ಷೇಮ.

ಆಮೇಲೆ ಯಜಮಾನನಿಗೆ ಬಂಡೆ ಹತ್ತುವ ಆಸೆಯಾಗುತ್ತದೆ. ಬಂಡೆಗೆ ದೊಡ್ಡ ಟಯರು ಬೇಕು. 33 ಅಂಗುಲದ ಟಯರು ಹಿಡಿಸಬೇಕಾದರೆ ಒಡಲನ್ನು ಎತ್ತಬೇಕು. ಎತ್ತಲು ಉದ್ದನೆಯ ಸುರುಳಿಗಳನ್ನು ಹಾಕಬೇಕು. ನಾಲ್ಕು ಅಂಗುಲ ಎತ್ತರವಾದ ಜೀಪು ಬೀದಿಯಲ್ಲಿ ನಿಂತರೆ ನೋಡಲು ಗಂಭೀರವಾಗಿಯೇ ಇರುತ್ತದೆ. ಅದರ ಕೆಳಗೆ ಬಗ್ಗಿ ನೋಡಿದವರಿಗೆ ಮಾತ್ರ ತೋಳುಗಳು ಇಳಿಜಾರಿಗೆ ತಿರುಗಿರುವುದು ಕಾಣುತ್ತದೆ.

ಇದರಿಂದ ಏನು ಕೆಟ್ಟಿತು ಎಂಬುದನ್ನು ಮನೆಯ ನೆಲದ ಮೇಲೆಯೇ ಪರೀಕ್ಷಿಸಬಹುದು. ಮಕ್ಕಳ ಸೀಮೆಸುಣ್ಣವೊಂದನ್ನು 16 ಅಂಗುಲದ ದಾರಕ್ಕೆ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಕಮಾನು ಎಳೆಯಿರಿ. ದಾರ ಅಡ್ಡಲಾಗಿದ್ದ ಸ್ಥಾನದಿಂದ ಸುಣ್ಣ 4 ಅಂಗುಲ ಕೆಳಗಿಳಿದಾಗ ಅದು ಅರ್ಧ ಅಂಗುಲದಷ್ಟು ನಿಮ್ಮ ಬೆರಳಿನತ್ತ ಸರಿದಿರುತ್ತದೆ. 8 ಅಂಗುಲ ಇಳಿದಾಗ ಸರಿದಿರುವುದು 2 ಅಂಗುಲಕ್ಕೂ ಮಿಗಿಲು. ಎತ್ತಿದ ಜೀಪಿನ ಒಂದು ಗಾಲಿ ಹಳ್ಳಕ್ಕೆ ಇಳಿಬಿದ್ದಾಗ ಆಗುವುದು ಇದೇ: ಮುಂದಿನ ಗಾಲಿ ತನ್ನ ಗೂಡಿನ ನಡುವೆ ಇರುವುದನ್ನು ಬಿಟ್ಟು ಹಿಂದಕ್ಕೆ ಸೆಳೆಯಲ್ಪಡುತ್ತದೆ. ಈಗ 32 ಅಂಗುಲದ ದಾರದಿಂದ ಅದೇ ಕಮಾನನ್ನು ಎಳೆಯಿರಿ. 4 ಅಂಗುಲಕ್ಕೆ ಕಾಲು ಅಂಗುಲ, 8 ಅಂಗುಲಕ್ಕೆ ಸುಮಾರು 1 ಅಂಗುಲ, ಇಷ್ಟೇ. ಗಿಡ್ಡ ಹಗ್ಗದ ಉಯ್ಯಾಲೆಗೂ ಆಲದ ಕೊಂಬೆಗೆ ಕಟ್ಟಿದ ಉದ್ದ ಹಗ್ಗದ ಉಯ್ಯಾಲೆಗೂ ಇರುವ ಅಂತರವನ್ನು ಬಲ್ಲ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸವಾರಿಯ ಒರಟುತನಕ್ಕೂ ಕಾರಣ ಇಲ್ಲಿಯೇ ಇದೆ. ತೋಳು ಇಳಿಜಾರಾಗಿರುವಾಗ ಮುಂದಿನ ಗಾಲಿ ಮೇಲೇರಬೇಕಾದರೆ ಕಮಾನಿನ ದಾರಿಯಲ್ಲಿ ಅದು ಮುಂದಕ್ಕೂ ಚಲಿಸಬೇಕು. ಎದುರಿಗೆ ಇರುವುದು ಕಲ್ಲು. ಕಲ್ಲಿಗೆ ತಗ್ಗಿ ಹಿಂದೆ ಸರಿಯಬೇಕಾದ ಕ್ಷಣದಲ್ಲಿ ಗಾಲಿ ಕಲ್ಲಿನ ಮೇಲೆಯೇ ಎರಗುತ್ತದೆ. ಆ ಪೆಟ್ಟು ತೋಳಿನ ಮೂಲಕ ನೇರವಾಗಿ ಚಾಸಿಗೆ ಮುಟ್ಟುತ್ತದೆ. ಹೊಸ ಸ್ಪ್ರಿಂಗು ಗಡಸಾಗಿದೆಯೆಂದು ಅನೇಕರು ಅದನ್ನು ದೂರುತ್ತಾರೆ. ಪಾಪ, ಸ್ಪ್ರಿಂಗಿನ ತಪ್ಪು ಅದರಲ್ಲಿ ಬಹಳ ಕಡಮೆ.

ಉದ್ದ ತೋಳು ಜೀಪನ್ನು ಎತ್ತುವುದಿಲ್ಲ ಎಂಬುದನ್ನು ವಾಚಕರು ಇಷ್ಟರಲ್ಲಿ ಗ್ರಹಿಸಿರಬಹುದು. ಎತ್ತುವುದು ಸುರುಳಿ. ಎತ್ತಿದ್ದರಿಂದ ಆದ ಸಾಲವನ್ನು ತೀರಿಸುವುದು ತೋಳು. ಎರಡು ಮೂರು ಅಂಗುಲದ ಸಾಲವಾದರೆ ಕಾರ್ಖಾನೆಯ ಗಿಡ್ಡ ತೋಳೇ ಹೇಗೋ ನಿಭಾಯಿಸುತ್ತದೆ. ನಾಲ್ಕನ್ನು ದಾಟಿದ ಮೇಲೆ ಬಡ್ಡಿ ಏರುತ್ತದೆ. ತೋಳಿನ ಹಿಂದಿನ ತುದಿಯನ್ನು ಕೆಳಕ್ಕೆ ಇಳಿಸುವ ತುಂಡುಕಬ್ಬಿಣಗಳೂ ಮಾರಾಟಕ್ಕಿವೆ. ಅಗ್ಗದ ಉಪಾಯ, ಹೆದ್ದಾರಿಯಲ್ಲಿಯೇ ಹೆಚ್ಚಾಗಿ ಓಡಾಡುವವನಿಗೆ ಅಷ್ಟೇ ಸಾಕು ಎಂಬುದು ಈ ಲೇಖಕನ ಅಭಿಪ್ರಾಯ.

ಸಾಕೆನಿಸದವನು ಉದ್ದ ತೋಳಿಗೆ ಕೈಹಾಕುತ್ತಾನೆ. ತೋಳು ಇಮ್ಮಡಿ ಉದ್ದವಾದಾಗ ಅದರ ಹಿಂದಿನ ತುದಿ ಚಾಸಿಯ ನಡುಭಾಗಕ್ಕೆ ಬರುತ್ತದೆ. ಅಲ್ಲಿ ಕಾರ್ಖಾನೆಯವರು ಯಾವ ಹಿಡಿಕೆಯನ್ನೂ ಇಟ್ಟಿಲ್ಲ. ಹೊಸ ಹಿಡಿಕೆಯನ್ನು ಬೆಸೆಯಬೇಕು ಅಥವಾ ಗೇರ್‌ಪೆಟ್ಟಿಗೆಯ ಅಡಿಯ ಅಡ್ಡತೊಲೆಯನ್ನೇ ಬದಲಾಯಿಸಿ ಅದಕ್ಕೆ ತೋಳನ್ನು ಸೇರಿಸಬೇಕು. ಹಳೆಯ ಹಿಡಿಕೆಗಳು ಹೊಸ ತೋಳಿನ ದಾರಿಗೆ ಅಡ್ಡವಾಗುವುದರಿಂದ ಅವನ್ನು ಕತ್ತರಿಸಿ ತೆಗೆಯಬೇಕು. ಇಡೀ ಕಾರ್ಯದಲ್ಲಿ ಹಿಂದಿರುಗಿ ಬರಲಾಗದ ಹೊತ್ತು ಇದೊಂದೇ. ಸುರುಳಿ ಬೇಡವೆನಿಸಿದರೆ ಬಿಚ್ಚಿ ಹಳೆಯದನ್ನು ಹಾಕಬಹುದು. ಕತ್ತರಿಸಿದ ಹಿಡಿಕೆಯನ್ನು ಮರಳಿ ಅಂಟಿಸುವವರಿಲ್ಲ.

ಆದ್ದರಿಂದ ಕತ್ತರಿಸುವ ಮೊದಲು ಚಾಸಿಯನ್ನು ಪರೀಕ್ಷಿಸಬೇಕು. ಅಮೆರಿಕದ ಉತ್ತರ ಸಂಸ್ಥಾನಗಳಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಟೊಳ್ಳಾದ ಚಾಸಿಯ ಒಳಹೊಕ್ಕು, ಹೊರಗೆ ಬಣ್ಣ ಮಾಸದಿದ್ದರೂ ಒಳಗಿನಿಂದ ತಿಂದುಹಾಕುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿದರೆ ಗಟ್ಟಿ ಉಕ್ಕು ನಾದ ಕೊಡುತ್ತದೆ; ತುಕ್ಕು ಹಿಡಿದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ತೆಂಗಿನಕಾಯಿಯನ್ನು ತಟ್ಟಿ ಕೊಳ್ಳುವ ನಮ್ಮ ಗೃಹಿಣಿಯರು ಈ ಪರೀಕ್ಷೆಯಲ್ಲಿ ಅಮೆರಿಕದ ಮೆಕ್ಯಾನಿಕ್ಕಿಗೆ ಸೋಲಲಾರರು. ಮಂಕು ಸದ್ದು ಬಂದ ಕಡೆ ಹೊಸ ತೋಳನ್ನು ಬೆಸೆಯುವುದು ಗೆದ್ದಲು ಹಿಡಿದ ತೊಲೆಗೆ ತೊಟ್ಟಿಲು ಕಟ್ಟಿದಂತೆ.

ಕೆಲಸ ನಡೆಯುವುದು ಸಮತಟ್ಟಾದ ಕಾಂಕ್ರೀಟು ನೆಲದ ಮೇಲೆ. ಮೊದಲಿಗೆ ಎಡಗಡೆಯ ಎರಡು ಗಾಲಿಗಳ ನಡುವಣ ಅಂತರವನ್ನೂ ಬಲಗಡೆಯದನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು; ಕೊನೆಯಲ್ಲಿ ಅಚ್ಚು ಸೊಟ್ಟಗಿಲ್ಲವೆಂಬುದಕ್ಕೆ ಸಾಕ್ಷಿ ಬೇರೆ ಇರುವುದಿಲ್ಲ. ಜೀಪಿನ ಭಾರ ಜ್ಯಾಕಿನ ಮೇಲಿರಕೂಡದು, ಚಾಸಿಗೆ ಕೊಟ್ಟ ಉಕ್ಕಿನ ಮುಕ್ಕಾಲಿಗಳ ಮೇಲಿರಬೇಕು. ಜ್ಯಾಕಿನ ಎಣ್ಣೆ ಯಾವ ಗಳಿಗೆಯಲ್ಲಾದರೂ ಸೋರಬಹುದು. ಅಡಿಯಲ್ಲಿ ಮಲಗಿರುವವನಿಗೆ ಎರಡನೆಯ ಅವಕಾಶವಿಲ್ಲ. ಸೊಸೆಯನ್ನು ದೂರವಾಣಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಜ್ಯಾಕು ಇರುವುದು ಅಚ್ಚನ್ನು ಮೆಲ್ಲನೆ ಇಳಿಸುವುದಕ್ಕೆ ಮಾತ್ರ. ಷಾಕ್ ಅಬ್ಸಾರ್ಬರುಗಳನ್ನೂ ಟ್ರ್ಯಾಕ್ ಬಾರನ್ನೂ ಬಿಚ್ಚಿ ಅಚ್ಚನ್ನು ಇಳಿಸಿದಂತೆ ಸುರುಳಿ ಸಡಿಲವಾಗುತ್ತದೆ. ಒತ್ತಡದಲ್ಲಿರುವಾಗಲೇ ಅದನ್ನು ಕೀಳಲು ಹೋದವನ ಕೈ ಉಳಿಯುವುದು ಪುಣ್ಯ.

ಬ್ರೇಕಿನ ಕೊಳವೆಗಳೂ ಪೆಟ್ರೋಲಿನ ಕೊಳವೆಗಳೂ ಚಾಸಿಯ ಪಕ್ಕದಲ್ಲೇ ಹಾದುಹೋಗುತ್ತವೆ. ಕತ್ತರಿಸುವ ಕಿಡಿಗೂ ಬೆಸುಗೆಯ ಉರಿಗೂ ಅವು ಸಿಕ್ಕದಂತೆ ಸರಿಸಿ ಮುಚ್ಚಬೇಕು. ಬ್ಯಾಟರಿಯ ಎರಡು ತಂತಿಗಳನ್ನೂ ಬಿಡಿಸಬೇಕು. ಬೆಂಕಿ ಆರಿಸುವ ಸಾಧನ ಕೈಗೆ ಎಟಕುವಂತಿರಬೇಕು. ಹೊಸ ಹಿಡಿಕೆಗಳನ್ನು ಒಮ್ಮೆಲೇ ಪೂರ್ತಿ ಬೆಸೆಯುವುದಿಲ್ಲ. ಚುಕ್ಕೆ ಬೆಸುಗೆ ಹಾಕಿ, ತೋಳನ್ನು ಜೋಡಿಸಿ, ಅಳತೆ ನೋಡಿ, ಸರಿಯೆನಿಸಿದ ಮೇಲೆಯೇ ಪೂರ್ಣ ಬೆಸುಗೆ. ಚಾಸಿಯ ತಗಡು ಕೆಲವೇ ಮಿಲಿಮೀಟರು ದಪ್ಪ. ಹೆಚ್ಚು ಕಾಯಿಸಿದರೆ ತೂತಾಗುತ್ತದೆ, ಕಡಮೆ ಕಾಯಿಸಿದರೆ ಬೆಸುಗೆ ಮೇಲ್ಮೈಯಲ್ಲಿ ಅಂಟಿದಂತೆ ತೋರಿ ಒಳಗೆ ಹಿಡಿದಿರುವುದಿಲ್ಲ. ಬ್ರೇಕು ಹಾಕಿದಾಗಲೆಲ್ಲ ಅಚ್ಚು ತಿರುಗಲು ಹವಣಿಸುವ ಬಲವನ್ನೆಲ್ಲ ಈ ತೋಳುಗಳೇ ತಡೆಯಬೇಕು. ಹಿಂದಿನ ಆಸನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ, ಬೇರೆಲ್ಲವನ್ನೂ ತಾನೇ ಮಾಡಿದರೂ ಈ ಬೆಸುಗೆಯೊಂದನ್ನು ನುರಿತವನ ಕೈಗೆ ಒಪ್ಪಿಸೆಂದು ಹೇಳಬೇಕು.

ತೋಳುಗಳ ತುದಿಯಲ್ಲಿ ರಬ್ಬರಿನ ಬುಷ್‌ಗಳಿದ್ದರೆ ಅವುಗಳ ಬೋಲ್ಟುಗಳನ್ನು ಜೀಪು ಗಾಳಿಯಲ್ಲಿರುವಾಗ ಬಿಗಿಯಬಾರದು. ಗಾಲಿಗಳು ನೆಲಕ್ಕೂರಿ ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲವಾದರೆ ರಬ್ಬರು ಜೀವಮಾನವೆಲ್ಲ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬ್ರೇಕಿನ ರಬ್ಬರು ಕೊಳವೆಯ ಸಂಗತಿ ಇದಕ್ಕಿಂತ ಗಂಭೀರವಾದುದು. ಅಚ್ಚನ್ನು ಪೂರ್ತಿ ಇಳಿಬಿಟ್ಟು, ಗಾಲಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ನೋಡಿದಾಗ ಕೊಳವೆ ಎಲ್ಲಿಯೂ ಬಿಗಿಯಾಗಕೂಡದು. ಬಿಗಿಯಾದರೆ ಉದ್ದನೆಯದನ್ನು ಹಾಕಲೇಬೇಕು. ಹಾಗೆಯೇ ಅಚ್ಚು ಮೇಲೇರುವ ಮಿತಿಯನ್ನು ಕಾಯುವ ರಬ್ಬರು ತಡೆಗಳನ್ನು ಎತ್ತರಿಸದಿದ್ದರೆ ದೊಡ್ಡ ಟಯರು ಮಡ್‌ಗಾರ್ಡಿಗೆ ಉಜ್ಜುತ್ತದೆ.

ಇನ್ನು ಚಾಲನಾಚಕ್ರದ ವಿಷಯ. ತೋಳಿನ ಉದ್ದವನ್ನು ಹೆಚ್ಚುಕಡಮೆ ಮಾಡಿ ಮುಂದಿನ ಅಚ್ಚನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ‘ಕ್ಯಾಸ್ಟರ್’ ಕೋನ ಹೆಚ್ಚಿ, ಚಕ್ರ ತಾನಾಗಿ ನೇರಕ್ಕೆ ಮರಳುತ್ತದೆ. ಆದರೆ ಅದೇ ಅಚ್ಚಿಗೆ ಇಂಜಿನಿನ ಬಲವನ್ನು ತರುವ ಪ್ರೊಪೆಲರ್ ಷಾಫ್ಟಿನ ಮೂತಿಯೂ ಅಂಟಿಕೊಂಡಿದೆ. ಅಚ್ಚನ್ನು ಹಿಂದಕ್ಕೆ ವಾಲಿಸಿದಷ್ಟೂ ಆ ಮೂತಿ ಕೆಳಗೆ ನೋಡುತ್ತದೆ; ಷಾಫ್ಟಿನ ಕೋನ ಕೆಟ್ಟು ಜೀಪು ಗುಂಯ್‌ಗುಡುತ್ತದೆ. ಒಂದನ್ನು ಪೂರ್ಣವಾಗಿ ಮೆಚ್ಚಿಸಿದರೆ ಇನ್ನೊಂದು ಮುನಿಯುತ್ತದೆ. ಅವಿಭಕ್ತ ಕುಟುಂಬದ ಯಜಮಾನನ ಪಾಡು. ಟ್ರ್ಯಾಕ್ ಬಾರೂ ಸ್ಟಿಯರಿಂಗಿನ ಸರಳೂ ಪರಸ್ಪರ ಸಮಾನಾಂತರವಾಗಿರಬೇಕೆಂಬ ನಿಯಮವೂ ಉಂಟು. ಅದು ತಪ್ಪಿದರೆ ಪ್ರತಿ ಉಬ್ಬಿನಲ್ಲಿಯೂ ಜೀಪು ಪಕ್ಕಕ್ಕೆ ಎಳೆಯುತ್ತದೆ. ಸಡಿಲವಾದ ಟ್ರ್ಯಾಕ್ ಬಾರಿನಿಂದ ಮುಂದಿನ ಗಾಲಿಗಳು ಹೆದ್ದಾರಿಯ ವೇಗದಲ್ಲಿ ಹುಚ್ಚೆದ್ದು ಅದುರುವುದುಂಟು. ಅಲ್ಲಿನವರು ಅದನ್ನು ‘ಡೆತ್ ವಾಬಲ್’ ಎಂದು ಕರೆಯುತ್ತಾರೆ, ಹೆಸರೇ ಸಾಕು. ಹೊಸ ಬೋಲ್ಟುಗಳನ್ನು ಮೊದಲ ಕೆಲವು ನೂರು ಮೈಲಿಗಳೊಳಗೆ ಮತ್ತೊಮ್ಮೆ ಬಿಗಿದು ನೋಡಬೇಕೆನ್ನುವುದು ಇದಕ್ಕಾಗಿಯೇ.

ಉದ್ದ ತೋಳಿನಿಂದ ತೀರದ ಸಾಲವೂ ಒಂದಿದೆ. ಎತ್ತಿದ ವಾಹನ ಮಗುಚುವ ಸಂಭವ ಹೆಚ್ಚು. ಎಡಬಲ ಗಾಲಿಗಳ ಅಂತರವನ್ನು ಭಾರಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ ಬರುವ ಸಂಖ್ಯೆಯನ್ನು ಅಮೆರಿಕದ ಸರ್ಕಾರ ವಾಹನಗಳ ಸ್ಥಿರತೆಯ ಅಳತೆಯಾಗಿ ಬಳಸುತ್ತದೆ. ಲೆಕ್ಕಕ್ಕಾಗಿ ಅಂತರ 60 ಅಂಗುಲ, ಎತ್ತರ 27 ಅಂಗುಲ ಎಂದಿಟ್ಟುಕೊಂಡರೆ ಬರುವುದು 1.11. ಒಡಲನ್ನು 4 ಅಂಗುಲ ಎತ್ತಿದಾಗ ಅಚ್ಚುಗಳು ಅಲ್ಲಿಯೇ ಉಳಿಯುವುದರಿಂದ ಭಾರಕೇಂದ್ರ 3 ಅಂಗುಲ ಏರಿತೆನ್ನೋಣ, ಸಂಖ್ಯೆ 1.00ಕ್ಕೆ ಇಳಿಯುತ್ತದೆ. ಬಂಡೆಯ ಮೇಲೆ ನಡಿಗೆಯ ವೇಗದಲ್ಲಿ ಸಾಗುವಾಗ ಚಾಲಕ ಈ ಭೇದವನ್ನು ತಾನೇ ಅರಿತು ಎಚ್ಚರವಾಗಿರುತ್ತಾನೆ. ಹೆದ್ದಾರಿಯಲ್ಲಿ ಅಡ್ಡಬಂದ ನಾಯಿಯನ್ನು ತಪ್ಪಿಸಲು ಚಕ್ರವನ್ನು ತಟ್ಟನೆ ತಿರುಗಿಸುವ ಗಳಿಗೆಯಲ್ಲಿ ಅರಿಯಲು ಹೊತ್ತೆಲ್ಲಿದೆ? ಇದಲ್ಲದೆ ಉದ್ದ ತೋಳುಗಳ ಹಿಡಿಕೆ ಹೊಟ್ಟೆಯ ಕೆಳಗೆ ಜೋತು ಬಿದ್ದು, ಎತ್ತಿ ಗಳಿಸಿದ ಎತ್ತರದಲ್ಲಿ ಸ್ವಲ್ಪವನ್ನು ಬಂಡೆಗೇ ಹಿಂದಿರುಗಿಸುವುದೂ ಉಂಟು. ಸೀರೆಯುಟ್ಟ ಅತ್ತೆಯವರು ಆ ಜೀಪನ್ನು ಏರಲು ಒಂದು ಮಣೆ ಬೇಕಾಗುತ್ತದೆಂಬುದನ್ನು ಯಾವ ಕಂಪನಿಯ ಕೈಪಿಡಿಯೂ ಹೇಳುವುದಿಲ್ಲ.

ನಮ್ಮಲ್ಲಿ ಈ ಪ್ರಯೋಗಕ್ಕೆ ಕಾನೂನಿನ ತಡೆಯಿದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿತು. ಮಲೆನಾಡಿನ ಕಾಫಿ ತೋಟಗಳ ಹಳೆಯ ಜೀಪುಗಳಿಗಂತೂ ಕಮಾನುಪಟ್ಟಿಯೇ ಇರುವುದರಿಂದ ತೋಳಿನ ಪ್ರಶ್ನೆಯೇ ಏಳುವುದಿಲ್ಲ. ಮಹೀಂದ್ರದವರ ಥಾರ್ ವಾಹನದ 2020ರ ಮಾದರಿಗೆ ಹಿಂದೆ ಅಖಂಡವಾದ ಅಚ್ಚು ಇದೆ, ಸುರುಳಿಗಳೂ ಇವೆ. ಆದರೆ ಮುಂದಿನ ಎರಡು ಗಾಲಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆಬೇರೆಯಾಗಿ ಏರಿಳಿಯುತ್ತವೆ. ಅಲ್ಲಿ ಹಿಡಿಯಲು ಅಚ್ಚೇ ಇಲ್ಲದ ಮೇಲೆ ಉದ್ದ ತೋಳನ್ನು ಕೊಂಡು ತಂದರೂ ಗ್ಯಾರೇಜಿನ ಗೋಡೆಗೆ ಒರಗಿಸಿಡಬೇಕಷ್ಟೆ.