‘ಇಂಡಸ್ಟ್ರಿ ರೆಡಿ’ ಅಂದ್ರೆ ಯಾರಿಗೆ ರೆಡಿ?

1/5
ಡಿಸೈನ್ ಓದ್ತಿರೋ ಎಲ್ಲರೂ ಈ ಮಾತು ಕೇಳಿರ್ತೀರ: “ಕಾಲೇಜಲ್ಲಿ ಕಲಿಸೋದೇ ಬೇರೆ, ಕಂಪನಿಗೆ ಬೇಕಾಗಿರೋದೇ ಬೇರೆ. ಸಿಲಬಸ್ ಬದಲಾಯಿಸಿ.” ಸರಿ, ಬದಲಾಯಿಸೋಣ. ಆದ್ರೆ ಕಂಪನಿಗೆ ಬೇಕಾಗಿರೋದು ಏನು? ಕೆಲಸದ ಜಾಹೀರಾತು ತೆಗೆದು ನೋಡಿ: ಫಿಗ್ಮಾ, ಫೋಟೋಶಾಪ್, ಆಫ್ಟರ್ ಎಫೆಕ್ಟ್ಸ್. ಸಾಫ್ಟ್‌ವೇರ್‌ಗಳ ಪಟ್ಟಿ.

2/5
ಒಂದು ಕಾಲದಲ್ಲಿ ಈ ಪಟ್ಟಿಯಲ್ಲಿ ಫ್ಲ್ಯಾಶ್ ಇತ್ತು. ವೆಬ್‌ಸೈಟು, ಗೇಮು, ಬ್ಯಾನರ್ ಎಲ್ಲಕ್ಕೂ ಅದೇ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿತು. ಯಾವ ಬಟನ್ ಎಲ್ಲಿದೆ ಅಂತ ಮಾತ್ರ ಕಲಿತವರು ಮತ್ತೆ ಅ-ಆ-ಇ-ಈಗೆ ಬರಬೇಕಾಯ್ತು. ಚಲನೆ, ಟೈಮಿಂಗ್, ಕಥೆ ಕಲಿತವರು ಇನ್ನೊಂದು ಸಾಫ್ಟ್‌ವೇರ್ ಹಿಡಿದು ಮುಂದೆ ಹೋದ್ರು. ನಾಲ್ಕು ವರ್ಷದ ಡಿಗ್ರಿಯನ್ನ ಒಂದು ಟೂಲ್‌ಗೆ ಕಟ್ಟಿಹಾಕಬೇಡಿ ಅನ್ನೋದು ಇದಕ್ಕೇ.

3/5
ಹಾಗಂತ ಕಾಲೇಜುಗಳು ಬಚಾವಾಗೋ ಹಾಗಿಲ್ಲ. ಫೋನಲ್ಲಿರೋ ಆ್ಯಪ್‌ಗಳನ್ನ ಕನ್ನಡಕ್ಕೆ ಹಾಕಿ ನೋಡಿ. ಎಲ್ಲೋ ಒಂದು ಬಟನ್ ಒಳಗೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗಿರುತ್ತೆ. ಯಾಕೆ? ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು. ನಮ್ಮ ಒತ್ತು ಕೆಳಗೆ ಇಳಿಯುತ್ತೆ. ಓದಕ್ಕಾಗದ ಬಟನ್ನನ್ನ ಗಿರಾಕಿ ಒತ್ತಲ್ಲ, ಅಂದ್ರೆ ಇದು ಕಂಪನಿಗೆ ದುಡ್ಡಿನ ವಿಷಯ. ಆದ್ರೆ ನಮ್ಮ ಟೈಪಾಗ್ರಫಿ ಕ್ಲಾಸು ಹೆಲ್ವೆಟಿಕಾದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತೆ. ಇದು ಜಾಹೀರಾತಲ್ಲೂ ಇಲ್ಲ, ಸಿಲಬಸ್ಸಲ್ಲೂ ಇಲ್ಲ.

4/5
ಇನ್ನು ಖರ್ಚಿನ ಮಾತು. ಅಹಮದಾಬಾದಿನ ಎನ್‌ಐಡಿ ಶುರುವಾದದ್ದು 1961ರಲ್ಲಿ. ದೇಶದ ಅಪ್ರೆಂಟಿಸ್ ಕಾಯ್ದೆಯೂ ಅದೇ ವರ್ಷದ್ದು. ಆ ಕಾಯ್ದೆಯಡಿ ಕೆಲಸ ಕಲಿಯೋರಿಗೆ ಸ್ಟೈಪೆಂಡ್ ಕೊಡಲೇಬೇಕು. ಇವತ್ತಿನ ಬೇಡಿಕೆ ಉಲ್ಟಾ: ತರಬೇತಿಯ ಖರ್ಚು ಅಪ್ಪ-ಅಮ್ಮ ಕಟ್ಟೋ ಫೀಸಿಂದ, ಆಮೇಲೆ ಬಿಟ್ಟಿ ಇಂಟರ್ನ್‌ಶಿಪ್, ಇಂಟರ್‌ವ್ಯೂಗೆ ಮುಂಚೆ ‘ಟೆಸ್ಟ್’ ಅಂತ ಇಡೀ ಆ್ಯಪ್‌ನ ಸ್ಕ್ರೀನ್‌ಗಳು. ಇದಕ್ಕೆ ಹೊಂದಾಣಿಕೆ ಅನ್ನಲ್ಲ. ಊಟ ಅವರದ್ದು, ಬಿಲ್ಲು ನಮ್ಮದು.

5/5
ಹೊಂದಾಣಿಕೆ ಎರಡೂ ಕಡೆಯಿಂದ ಆಗ್ಬೇಕು. ಕಂಪನಿಯವರು ತಮ್ಮ ನಿಜವಾದ ಸಮಸ್ಯೆಗಳನ್ನ ಕ್ಲಾಸಿಗೆ ತರಲಿ, ಇಂಟರ್ನ್‌ಗೆ ದುಡ್ಡು ಕೊಡಲಿ. ಕಾಲೇಜು ಕನ್ನಡ ಟೈಪು, ಬಳಸೋರ ಹತ್ರ ಕೂತು ಕೇಳೋದು, ಮಾಡಿದ ಕೆಲಸಕ್ಕೆ ರೇಟು ಹಾಕೋದು ಕಲಿಸಲಿ. ಟೂಲ್‌ಗೆ ಒಂದು ಸೆಮಿಸ್ಟರ್ ಸಾಕು.

ನೀವು ಮಾಡೋದು ಇಷ್ಟೇ. ಮುಂದಿನ ಸಲ ಪ್ಲೇಸ್‌ಮೆಂಟಿಗೆ ಬಂದೋರು ‘ಇಂಡಸ್ಟ್ರಿ ರೆಡಿ’ ಅಂದ್ರೆ, ಕೈ ಎತ್ತಿ ಮರ್ಯಾದೆಯಿಂದ ಕೇಳಿ: “ಸರ್, ನಿಮ್ಮಲ್ಲಿ ಇಂಟರ್ನ್‌ಗೆ ತಿಂಗಳಿಗೆ ಎಷ್ಟು ಕೊಡ್ತೀರ?” ಏನು ಉತ್ತರ ಬಂತು ಅಂತ ಕಾಮೆಂಟಲ್ಲಿ ಹಾಕಿ. ಜೂನಿಯರ್‌ಗಳಿಗೂ ಗೊತ್ತಾಗ್ಲಿ.

#ಡಿಸೈನ್‌ಕನ್ನಡ #ಬಿಟ್ಟಿಇಂಟರ್ನ್‌ಶಿಪ್‌ಬೇಡ